ಬ್ಯಾಂಡ್ ಬಿಗಿ ಮಾಡುವಾಗ ಪ್ರಜ್ಞೆ ತಪ್ಪಿತು, ಈಗ ಮನೆಯಲ್ಲೂ ತಲೆಸುತ್ತು

ಪ್ರಶ್ನೆ: ನನಗೆ 38 ವರ್ಷ. ಮೆಲ್ಬರ್ನ್‌ನಲ್ಲಿ ನೆಲೆಸಿದ್ದೇನೆ. ಏಳು ವರ್ಷಗಳ ಹಿಂದೆ ಇಲ್ಲಿಯೇ ತೂಕ ಇಳಿಸಲು ಗ್ಯಾಸ್ಟ್ರಿಕ್ ಬ್ಯಾಂಡ್, ಅಂದರೆ ಜಠರದ ಮೇಲ್ತುದಿಗೆ ಸುತ್ತುವ ಬಳೆಯಂಥ ಪಟ್ಟಿ, ಹಾಕಿಸಿಕೊಂಡಿದ್ದೆ. ಬಸುರಿಯಾದಾಗ ಅದರೊಳಗಿನ ಸಲೈನ್ ನೀರನ್ನು ಪೂರ್ತಿ ತೆಗೆದಿದ್ದರು. ಮಗುವಿಗೆ ಈಗ ಒಂದೂವರೆ ವರ್ಷ. ಬ್ಯಾಂಡ್ ಬಿಗಿಯಾಗಲೆಂದು ನಾಲ್ಕು ತಿಂಗಳಿಂದ ಸೂಜಿಯ ಮೂಲಕ ಮತ್ತೆ ಸ್ವಲ್ಪ ಸ್ವಲ್ಪವೇ ತುಂಬುತ್ತಿದ್ದಾರೆ ಮತ್ತು ಹನ್ನೊಂದು ಕಿಲೋ ಇಳಿದಿದ್ದೇನೆ. ಮೂರು ವಾರಗಳ ಹಿಂದೆ ಮೂರನೆಯ ಸಲ ತುಂಬಿಸಿಕೊಂಡು, ಎದ್ದು ಕುಳಿತು, ಅವರು ಕೊಟ್ಟ ನೀರನ್ನು ಎರಡು ಗುಟುಕು ಕುಡಿಯುವಷ್ಟರಲ್ಲಿ ಮೈಯೆಲ್ಲ ಬೆವೆತು, ಕಿವಿ ಗುಂಯ್ ಎಂದು, ಕಣ್ಣು ಕತ್ತಲೆ ಕಟ್ಟಿ ಪ್ರಜ್ಞೆ ತಪ್ಪಿತು. ಕೈಕಾಲು ನಾಲ್ಕೈದು ಸಲ ಅದುರಿದವೆಂದು ಜೊತೆಗಿದ್ದ ನನ್ನ ಗಂಡ ಹೇಳುತ್ತಾರೆ. ಅದು ಫಿಟ್ಸ್ ಇರಬಹುದೇ ಎಂಬ ಭಯ ಅವರಿಗಿದೆ. ಎರಡನೆಯ ಸಲವೂ ಸೂಜಿ ಚುಚ್ಚುವಾಗ ತಲೆ ತಿರುಗಿತ್ತು. ಮುಂದಿನ ಭೇಟಿಯನ್ನು ನೆನೆದರೇ ಕೈ ತಣ್ಣಗಾಗುತ್ತದೆ. ಊರಿನಿಂದ ಅಮ್ಮ ಫೋನಿನಲ್ಲಿ, ಬ್ಯಾಂಡನ್ನೇ ತೆಗೆಸಿಬಿಡು ಎನ್ನುತ್ತಿದ್ದಾರೆ. ಬ್ಯಾಂಡ್ ನನ್ನ ಹೃದಯಕ್ಕೇನಾದರೂ ತೊಂದರೆ ಮಾಡುತ್ತಿದೆಯೇ? ಹೀಗಾಗದಂತೆ ಏನು ಮಾಡಬಹುದು? ಹೆರಿಗೆಯ ನಂತರ ಶುರುವಾದ ಬಿ.ಪಿ. ಮಾತ್ರೆಯನ್ನು ತಪ್ಪದೆ ನುಂಗುತ್ತಿದ್ದೇನೆ. ಇತ್ತೀಚೆಗೆ ರಾತ್ರಿಯ ಊಟ ವಾರಕ್ಕೆ ಮೂರ್ನಾಲ್ಕು ದಿನ ವಾಂತಿಯಾಗುತ್ತದೆ, ಬೆಳಿಗ್ಗೆ ಹಾಸಿಗೆಯಿಂದ ಏಳುವಾಗಲೂ ತಲೆ ಸುತ್ತುತ್ತದೆ.

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ತಲೆಸುತ್ತುಗಳಿವೆ, ಅವೆರಡನ್ನೂ ಒಂದೇ ಎಂದು ತಿಳಿದದ್ದರಿಂದಲೇ ನಿಮ್ಮ ಭಯ ಇಷ್ಟು ದೊಡ್ಡದಾಗಿದೆ. ಕ್ಲಿನಿಕ್ಕಿನ ಮಂಚದ ಮೇಲೆ ಬಂದದ್ದು ಒಂದು. ಬೆಳಿಗ್ಗೆ ಹಾಸಿಗೆಯಿಂದ ಏಳುವಾಗ ಬರುತ್ತಿರುವುದು ಇನ್ನೊಂದು. ಮೊದಲನೆಯದರ ಬಗ್ಗೆ ನೀವು ಪತ್ರದ ತುಂಬ ಬರೆದಿದ್ದೀರಿ, ಎರಡನೆಯದನ್ನು ಕೊನೆಯ ಒಂದು ವಾಕ್ಯದಲ್ಲಿ ಮುಗಿಸಿದ್ದೀರಿ. ವೈದ್ಯನಾಗಿ ನನಗೆ ಹೆಚ್ಚು ಚಿಂತೆ ಹುಟ್ಟಿಸಿದ್ದು ಆ ಕೊನೆಯ ವಾಕ್ಯ. ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ, ಇದನ್ನು ಓದಿದ ದಿನವೇ ನಿಮ್ಮ ಬ್ಯಾಂಡ್ ಕ್ಲಿನಿಕ್ಕಿಗೆ ಫೋನ್ ಮಾಡಿ ಎಂದು ಕೇಳಿಕೊಳ್ಳುತ್ತೇನೆ.

ಸರಿಯಾದ ಮಟ್ಟಕ್ಕೆ ತುಂಬಿದ ಬ್ಯಾಂಡ್ ಹಸಿವನ್ನು ತಗ್ಗಿಸುತ್ತದೆ, ಸ್ವಲ್ಪ ಊಟಕ್ಕೇ ತೃಪ್ತಿ ಕೊಡುತ್ತದೆ. ಅದು ವಾಂತಿ ಮಾಡಿಸುವುದಿಲ್ಲ. ಚೆನ್ನಾಗಿ ಅಗಿದು ನಿಧಾನವಾಗಿ ತಿಂದರೂ ವಾರಕ್ಕೆ ಮೂರ್ನಾಲ್ಕು ದಿನ ಊಟ ಹೊರಬರುತ್ತಿದೆ ಎಂದರೆ, ಮೂರನೆಯ ಸಲ ತುಂಬಿದ ನೀರು ನಿಮ್ಮ ಜಠರಕ್ಕೆ ಹೆಚ್ಚಾಗಿರಬಹುದು ಅಥವಾ ಬ್ಯಾಂಡ್ ತನ್ನ ಜಾಗದಿಂದ ಸ್ವಲ್ಪ ಸರಿದಿರಬಹುದು. ಎರಡರಲ್ಲಿ ಯಾವುದೇ ಆದರೂ ದೇಹಕ್ಕೆ ಹೋಗಬೇಕಾದ ನೀರು ಮತ್ತು ಉಪ್ಪು ಸಾಕಷ್ಟು ಹೋಗುತ್ತಿಲ್ಲ. ಅದರ ಮೇಲೆ, ಹನ್ನೊಂದು ಕಿಲೋ ಹೆಚ್ಚಿದ್ದಾಗ ನಿಗದಿಯಾದ ಬಿ.ಪಿ. ಮಾತ್ರೆಯನ್ನು ಅದೇ ಪ್ರಮಾಣದಲ್ಲಿ ನುಂಗುತ್ತಿದ್ದೀರಿ. ತೂಕ ಇಳಿದಂತೆ ರಕ್ತದೊತ್ತಡ ತಾನಾಗಿಯೇ ಇಳಿಯುತ್ತದೆ, ಮಾತ್ರೆ ಮಾತ್ರ ಹಳೆಯ ಲೆಕ್ಕದಲ್ಲೇ ಕೆಲಸ ಮಾಡುತ್ತಿರುತ್ತದೆ. ಬೆಳಿಗ್ಗೆ ಎದ್ದು ನಿಂತಾಗ ರಕ್ತ ಕಾಲಿನ ಕಡೆಗೆ ಇಳಿಯುತ್ತದೆ, ಅದನ್ನು ತಕ್ಷಣ ಮೇಲಕ್ಕೆ ತಳ್ಳುವ ಶಕ್ತಿ ನೀರು ಕಡಿಮೆಯಾದ ರಕ್ತನಾಳಗಳಿಗೆ ಇರುವುದಿಲ್ಲ, ಆಗ ತಲೆ ಸುತ್ತುತ್ತದೆ.

ಮನೆಯಲ್ಲಿ ಬಿ.ಪಿ. ಯಂತ್ರವಿದ್ದರೆ ನಾಳೆ ಬೆಳಿಗ್ಗೆ ಒಂದು ಕೆಲಸ ಮಾಡಿ. ಐದು ನಿಮಿಷ ಮಲಗಿದ್ದು ಒಮ್ಮೆ ಅಳೆಯಿರಿ. ಎದ್ದು ನಿಂತ ಒಂದು ನಿಮಿಷಕ್ಕೆ ಮತ್ತೊಮ್ಮೆ, ಮೂರು ನಿಮಿಷಕ್ಕೆ ಇನ್ನೊಮ್ಮೆ ಅಳೆಯಿರಿ. ಪಕ್ಕದಲ್ಲಿ ಯಾರಾದರೂ ನಿಂತಿರಲಿ. ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಹೆಚ್ಚು, ಇಲ್ಲವೇ ಕೆಳಗಿನ ಅಂಕಿ 10 ಅಥವಾ ಅದಕ್ಕಿಂತ ಹೆಚ್ಚು ಇಳಿದರೆ ನಾನು ಹೇಳಿದ ಕಾರಣ ಬಹುಮಟ್ಟಿಗೆ ಖಚಿತವಾಗುತ್ತದೆ, ಆ ಅಂಕಿಗಳನ್ನೇ ನಿಮ್ಮ ಕುಟುಂಬ ವೈದ್ಯರಿಗೆ ಓದಿ ಹೇಳಬಹುದು. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಆದರೆ ಕೇಳುವುದನ್ನು ಮುಂದಿನ ತಿಂಗಳಿಗೂ ಹಾಕಬೇಡಿ. ಮೂತ್ರ ಹೆಚ್ಚಿಸುವ ಔಷಧಿ ಅದರಲ್ಲಿ ಸೇರಿದ್ದರೆ, ವಾಂತಿ ಇರುವಷ್ಟು ದಿನ ಅದನ್ನು ತಡೆಹಿಡಿಯುವಂತೆ ವೈದ್ಯರು ಫೋನಿನಲ್ಲಿಯೇ ಹೇಳಬಹುದು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಕ್ಲಜೈಡ್‌ನಂಥ ಮಾತ್ರೆ ತೆಗೆದುಕೊಳ್ಳುವ ಬ್ಯಾಂಡ್ ರೋಗಿಗಳಿಗೂ ಈ ಮಾತು ಅನ್ವಯಿಸುತ್ತದೆ. ಊಟ ಅರ್ಧವಾದ ಮೇಲೆ ಔಷಧಿ ಪೂರ್ತಿ ಇದ್ದರೆ ಶುಗರ್ ಕುಸಿದು ತಲೆ ತಿರುಗುತ್ತದೆ.

ಇನ್ನೊಂದು ಅಪಾಯವನ್ನು ಇಲ್ಲಿ ಹೇಳದೆ ಇರಲಾರೆ, ಏಕೆಂದರೆ ಅದು ಅಪರೂಪವಾದರೂ ತಡವಾದರೆ ಸರಿಪಡಿಸಲಾಗದಂಥದ್ದು. ಥಯಾಮಿನ್, ಅಂದರೆ ಬಿ-1 ಜೀವಸತ್ವ, ನಮ್ಮ ದೇಹದಲ್ಲಿ ಎರಡು ಮೂರು ವಾರಗಳಿಗೆ ಸಾಕಾಗುವಷ್ಟು ಮಾತ್ರ ಸಂಗ್ರಹವಾಗಿರುತ್ತದೆ. ವಾರಗಟ್ಟಲೆ ವಾಂತಿಯಾದರೆ ಅದು ಬರಿದಾಗಿ ಮೆದುಳಿನ ಕೆಲವು ಭಾಗಗಳು ಹಾನಿಗೊಳ್ಳುತ್ತವೆ. ಆ ತಲೆಸುತ್ತು ಬೇರೆ ಬಗೆಯದು: ನಡೆಯುವಾಗ ಹೆಜ್ಜೆ ಓಲಾಡುತ್ತದೆ, ಒಂದು ವಸ್ತು ಎರಡಾಗಿ ಕಾಣುತ್ತದೆ, ಮಾತು ಮತ್ತು ನೆನಪು ಗೊಂದಲಗೊಳ್ಳುತ್ತವೆ. ಇವುಗಳಲ್ಲಿ ಒಂದು ಕಾಣಿಸಿಕೊಂಡರೂ ಅದೇ ದಿನ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ, ಗ್ಲೂಕೋಸ್ ಡ್ರಿಪ್ ಹಾಕುವ ಮೊದಲು ಥಯಾಮಿನ್ ಕೊಡಬೇಕಾದೀತು ಎಂಬುದನ್ನು ಬಾಯಿಬಿಟ್ಟು ನೆನಪಿಸಿ. ಬ್ಯಾಂಡ್ ಇರುವುದನ್ನೇ ಗಮನಿಸದ ಕಿರಿಯ ವೈದ್ಯರು ಸಿಗುವುದುಂಟು, ಹೀಗಾಗಿ ಈ ಒಂದು ಮಾತನ್ನು ಹೇಳುವುದು ನಿಮ್ಮ ಹಕ್ಕು.

ಕ್ಲಿನಿಕ್ಕಿನವರು ನಿಮ್ಮನ್ನು ಕರೆಸಿ ಬ್ಯಾಂಡಿನಿಂದ ಸ್ವಲ್ಪ ನೀರನ್ನು ಹಿಂದಕ್ಕೆ ತೆಗೆಯುವ ಸಾಧ್ಯತೆ ಹೆಚ್ಚು. ಅದನ್ನು ಸೋಲೆಂದು ತಿಳಿಯಬೇಡಿ. ಬಿಗಿ ಮತ್ತು ಸಡಿಲ ಎರಡನ್ನೂ ಮಾಡಲು ಸಾಧ್ಯವಾಗಲಿ ಎಂದೇ 1986ರಲ್ಲಿ ಲ್ಯುಬೊಮಿರ್ ಕುಜ್ಮಾಕ್ ಎಂಬ ಶಸ್ತ್ರವೈದ್ಯರು ಈ ಹೊಂದಿಸಬಲ್ಲ ಸಿಲಿಕೋನ್ ಬ್ಯಾಂಡನ್ನು ಬಳಕೆಗೆ ತಂದರು. ಅದಕ್ಕೂ ಹಿಂದಿನ ಬ್ಯಾಂಡುಗಳನ್ನು ಒಮ್ಮೆ ಹಾಕಿದ ಮೇಲೆ ಅವುಗಳ ಬಿಗಿ ಅಷ್ಟೇ. ನಾಳೆ ಗುಟುಕು ನೀರೂ ಇಳಿಯದೆ ಹೋದರೆ, ಜೊಲ್ಲನ್ನೂ ನುಂಗಲಾಗದಿದ್ದರೆ ಅಥವಾ ಹೊಟ್ಟೆಯ ಮೇಲ್ಭಾಗದಲ್ಲಿ ಬಿಡದ ನೋವು ಬಂದರೆ ಭೇಟಿಯ ದಿನಕ್ಕಾಗಿ ಕಾಯದೆ ತುರ್ತು ವಿಭಾಗಕ್ಕೆ ಹೋಗಬೇಕು. ಅಂಥ ಸಂದರ್ಭದಲ್ಲಿ ಬ್ಯಾಂಡಿನ ನೀರನ್ನು ಪೂರ್ತಿ ತೆಗೆಯುವುದೇ ಮೊದಲ ಚಿಕಿತ್ಸೆ.

ಇನ್ನು ಕ್ಲಿನಿಕ್ಕಿನಲ್ಲಿ ನಡೆದದ್ದಕ್ಕೆ ಬರೋಣ. ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಬೇಕು: ಪೋರ್ಟಿಗೆ, ಅಂದರೆ ಸೂಜಿ ಚುಚ್ಚುವ ಪುಟ್ಟ ಡಬ್ಬಿಗೆ, ಹಾಕುವ ಸಲೈನ್ ನಿಮ್ಮ ರಕ್ತಕ್ಕೆ ಸೇರುವುದಿಲ್ಲ. ಚರ್ಮದ ಕೆಳಗೆ, ಹೊಟ್ಟೆಯ ಸ್ನಾಯುವಿನ ಹೊದಿಕೆಗೆ ಹೊಲಿದಿರುವ ಪೋರ್ಟು, ಅಲ್ಲಿಂದ ಹೊರಡುವ ತೆಳುವಾದ ಕೊಳವೆ, ಜಠರದ ಮೇಲ್ತುದಿಯನ್ನು ಸುತ್ತಿರುವ ಬಳೆಯಂಥ ಬ್ಯಾಂಡು, ಈ ಮೂರೂ ಸೇರಿ ಮುಚ್ಚಿದ ಒಂದು ವ್ಯವಸ್ಥೆ. ಸಾಮಾನ್ಯವಾಗಿ ಒಂದು ಸಲಕ್ಕೆ ಅರ್ಧ ಅಥವಾ ಒಂದು ಮಿಲಿಲೀಟರ್ ನೀರು ಅದರೊಳಗೆ ಹೋಗುತ್ತದೆ, ಅಲ್ಲಿಯೇ ಉಳಿಯುತ್ತದೆ. ಆದ್ದರಿಂದ ಸಲೈನ್ ಎಂಬ ಔಷಧಿ ನಿಮಗೆ ಒಗ್ಗಲಿಲ್ಲ ಎಂಬ ಪ್ರಶ್ನೆ ಏಳುವುದಿಲ್ಲ.

ಪ್ರಜ್ಞೆ ತಪ್ಪಿಸಿದ್ದು ನಿಮ್ಮ ನರಮಂಡಲದ ಒಂದು ಪ್ರತಿವರ್ತನೆ. ಸೂಜಿ, ರಕ್ತ ಅಥವಾ ದೇಹಕ್ಕೆ ಆಗುವ ಗಾಯದ ಭಯ ಉಳಿದ ಭಯಗಳಂತಲ್ಲ. ನಾಯಿ ಅಟ್ಟಿಸಿಕೊಂಡು ಬಂದರೆ ಎದೆ ಹೊಡೆದುಕೊಳ್ಳುತ್ತದೆ, ಬಿ.ಪಿ. ಏರುತ್ತದೆ, ಯಾರೂ ಪ್ರಜ್ಞೆ ತಪ್ಪಿ ಬೀಳುವುದಿಲ್ಲ. ಸೂಜಿಯ ವಿಷಯದಲ್ಲಿ ಮಾತ್ರ ಕೆಲವರಿಗೆ ಬಿ.ಪಿ. ಮೊದಲು ಏರಿ, ಆಮೇಲೆ ಇದ್ದಕ್ಕಿದ್ದಂತೆ ಕುಸಿಯುತ್ತದೆ. ಎರಡು ಸಂಗತಿಗಳು ಒಟ್ಟಿಗೆ ನಡೆಯುತ್ತವೆ: ಕಾಲು ಮತ್ತು ಹೊಟ್ಟೆಯ ರಕ್ತನಾಳಗಳು ಸಡಿಲಗೊಂಡು ರಕ್ತ ಅಲ್ಲೇ ನಿಲ್ಲುತ್ತದೆ, ವೇಗಸ್ ಎಂಬ ನರ ಹೃದಯದ ಬಡಿತವನ್ನು ತಗ್ಗಿಸುತ್ತದೆ. 1932ರಲ್ಲಿ ಬ್ರಿಟನ್ನಿನ ವೈದ್ಯ ಥಾಮಸ್ ಲೂಯಿಸ್ ಇದನ್ನು ವಾಸೋವೇಗಲ್ (ವಾಸೋ ಎಂದರೆ ರಕ್ತನಾಳ) ಎಂದು ಕರೆದದ್ದು ಈ ಎರಡನ್ನೂ ಸೂಚಿಸಲೆಂದೇ. ಔಷಧಿ ಕೊಟ್ಟು ನಾಡಿಯ ಬಡಿತವನ್ನು ಹೆಚ್ಚಿಸಿದರೂ ಬಿ.ಪಿ. ಮೇಲೇಳಲಿಲ್ಲ ಎಂಬುದನ್ನು ಅವರು ಗಮನಿಸಿದ್ದರು. ಮೆದುಳಿಗೆ ಕೆಲವು ಸೆಕೆಂಡು ರಕ್ತ ಕಡಿಮೆಯಾದರೆ ಕಣ್ಣು ಕತ್ತಲೆ ಕಟ್ಟುತ್ತದೆ, ಕಿವಿ ಗುಂಯ್‌ಗುಡುತ್ತದೆ, ನೆಲಕ್ಕೆ ಒರಗಿದ ಕೂಡಲೇ ರಕ್ತ ಮತ್ತೆ ತಲೆಗೆ ಹರಿದು ಎಚ್ಚರವಾಗುತ್ತದೆ. ನೀವು ಬರೆದ ಲಕ್ಷಣಗಳ ಕ್ರಮ ಇದೇ. ಹೃದಯ ಆರೋಗ್ಯವಾಗಿರುವವರಲ್ಲೂ ಇದು ಆಗುತ್ತದೆ. ಬ್ಯಾಂಡ್ ನಿಮ್ಮ ಹೃದಯವನ್ನು ಹಾಳುಮಾಡುತ್ತಿದೆ ಎನ್ನುವುದಕ್ಕೆ ಇದು ಪುರಾವೆಯಲ್ಲ. ಮನಸ್ಸು ದುರ್ಬಲವಾಗಿರುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಎರಡು ಶಸ್ತ್ರಚಿಕಿತ್ಸೆಗಳನ್ನು ಧೈರ್ಯವಾಗಿ ಎದುರಿಸಿದ ರೋಗಿಗಳು ಈ ಸಣ್ಣ ಸೂಜಿಗೆ ಕುಸಿದದ್ದನ್ನು ನೋಡಿದ್ದೇನೆ.

ನಿಮ್ಮ ವಿಷಯದಲ್ಲಿ ಸೂಜಿಯ ಜೊತೆ ಇನ್ನೂ ಮೂರು ಕಾರಣಗಳು ಒಂದೇ ಗಳಿಗೆಯಲ್ಲಿ ಸೇರಿಕೊಂಡಿವೆ. ಮಲಗಿದ್ದವರು ತಕ್ಷಣ ಎದ್ದು ಕುಳಿತಿರಿ. ದೇಹದಲ್ಲಿ ನೀರಿನ ಅಂಶ ಮೊದಲೇ ಕಡಿಮೆಯಿದ್ದಿರಬಹುದು, ಬಿ.ಪಿ. ಮಾತ್ರೆಯೂ ಒಳಗಿತ್ತು. ಹೊಸದಾಗಿ ಬಿಗಿಯಾದ ಬ್ಯಾಂಡಿನ ಮೇಲೆ ನೀರು ನಿಂತು ಅನ್ನನಾಳದ ಕೆಳತುದಿ ಹಿಗ್ಗಿತು. ಅಲ್ಲಿಯೇ ಪಕ್ಕದಲ್ಲಿ ವೇಗಸ್ ನರದ ಕವಲುಗಳು ಹಾದುಹೋಗುತ್ತವೆ. ಕೆಲವರಿಗೆ, ಬಹಳ ಅಪರೂಪವಾಗಿ, ನುಂಗುವ ಕ್ರಿಯೆಯೊಂದೇ ಹೃದಯದ ಬಡಿತವನ್ನು ತಗ್ಗಿಸಿ ಪ್ರಜ್ಞೆ ತಪ್ಪಿಸುತ್ತದೆ. ನಿಮಗೆ ಎರಡನೆಯ ಸಲ ಸೂಜಿ ಚುಚ್ಚುವಾಗಲೇ ತಲೆ ತಿರುಗಿದ್ದರಿಂದ ಸೂಜಿಯೇ ಮುಖ್ಯ ಕಾರಣ ಎಂದು ನನ್ನ ಅಂದಾಜು. ಆದರೂ ಮನೆಯಲ್ಲಿ ಊಟ ಮಾಡುವಾಗ ಅಥವಾ ನೀರು ಕುಡಿಯುವಾಗ ಎಂದಾದರೂ ಕಣ್ಣು ಕತ್ತಲೆ ಕಟ್ಟಿದೆಯೇ ಎಂದು ನೆನಪಿಸಿಕೊಳ್ಳಿ. ಕಟ್ಟಿದ್ದರೆ ಅದನ್ನು ತಪ್ಪದೆ ಹೇಳಿ, ಆಗ ನುಂಗುವ ಹೊತ್ತಿನಲ್ಲೇ ಇ.ಸಿ.ಜಿ. ತೆಗೆದು ನೋಡಬೇಕಾಗುತ್ತದೆ.

ಈಗ ತಡೆಯುವ ಉಪಾಯ. ಪ್ರಜ್ಞೆ ತಪ್ಪುವ ಭಯವಿರುವವರಿಗೆ ಎಲ್ಲರೂ ಮೈ ಸಡಿಲ ಬಿಡಿ, ದೀರ್ಘವಾಗಿ ಉಸಿರಾಡಿ ಎಂದು ಹೇಳುತ್ತಾರೆ. ಒಳ್ಳೆಯ ಮನಸ್ಸಿನಿಂದ ಹೇಳುವ ಈ ಸಲಹೆ ಸೂಜಿಯ ಭಯಕ್ಕೆ ತದ್ವಿರುದ್ಧವಾಗಿ ಕೆಲಸ ಮಾಡುತ್ತದೆ. ಸ್ನಾಯು ಸಡಿಲಗೊಂಡಷ್ಟೂ ಬಿ.ಪಿ. ಇಳಿಯುತ್ತದೆ, ಮತ್ತೆ ಮತ್ತೆ ಆಳವಾಗಿ ಉಸಿರೆಳೆದರೆ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ಮೆದುಳಿನ ರಕ್ತನಾಳಗಳು ಕಿರಿದಾಗುತ್ತವೆ, ತಲೆಸುತ್ತು ಇನ್ನೂ ಹೆಚ್ಚುತ್ತದೆ. 1980ರ ದಶಕದಲ್ಲಿ ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಲಾರ್ಸ್ ಯೋರಾನ್ ಓಸ್ಟ್ ಮತ್ತು ಅವರ ಸಹೋದ್ಯೋಗಿಗಳು ಇದಕ್ಕೆ ಎದುರಾದ ಅಭ್ಯಾಸವೊಂದನ್ನು ರೂಪಿಸಿದರು: ಸ್ನಾಯುಗಳನ್ನು ಬೇಕೆಂದೇ ಬಿಗಿಹಿಡಿಯುವುದು. ಕುರ್ಚಿಯ ಮೇಲೆ ಕುಳಿತು ಮುಷ್ಟಿ, ತೋಳು, ತೊಡೆ, ಮೀನಖಂಡಗಳನ್ನು ಹತ್ತರಿಂದ ಹದಿನೈದು ಸೆಕೆಂಡು, ಮುಖ ಬಿಸಿಯಾದಂತೆ ಅನಿಸುವವರೆಗೆ ಬಿಗಿಹಿಡಿಯಿರಿ. ಉಸಿರು ಕಟ್ಟಬೇಡಿ. ಆಮೇಲೆ ಪೂರ್ತಿ ಸಡಿಲ ಬಿಡದೆ, ಮಾಮೂಲಿ ಸ್ಥಿತಿಗೆ ಬಂದು ಇಪ್ಪತ್ತು ಮೂವತ್ತು ಸೆಕೆಂಡು ತಡೆಯಿರಿ, ಮತ್ತೆ ಬಿಗಿಹಿಡಿಯಿರಿ. ಐದು ಆವರ್ತನೆಗೆ ಒಂದು ಸುತ್ತು. ದಿನಕ್ಕೆ ಐದು ಸುತ್ತಿನಂತೆ ಒಂದು ವಾರ ಮಾಡಿದರೆ ದೇಹಕ್ಕೆ ರೂಢಿಯಾಗುತ್ತದೆ. ನಿಮ್ಮ ಬೆಳಗಿನ ತಲೆಸುತ್ತಿಗೆ ಪರಿಹಾರ ಸಿಕ್ಕ ಮೇಲೆ ಈ ಅಭ್ಯಾಸ ಆರಂಭಿಸಿ.

ಬ್ಯಾಂಡಿನವರಿಗೆ ಇಲ್ಲೊಂದು ಎಚ್ಚರಿಕೆ ಬೇಕು. ರಕ್ತ ಕೊಡುವವರು ಇಡೀ ಮೈಯನ್ನು ಬಿಗಿಹಿಡಿಯಬಹುದು, ನಿಮ್ಮ ಸೂಜಿ ಇರುವುದು ಹೊಟ್ಟೆಯಲ್ಲಿ. ಸೂಜಿ ಒಳಗಿರುವಾಗ ಹೊಟ್ಟೆ ಅಲುಗಾಡಿದರೆ ಅದು ಪೋರ್ಟಿನಿಂದ ಜಾರಬಹುದು, ಪಕ್ಕದ ಕೊಳವೆಗೂ ತಗಲಬಹುದು. ಪೋರ್ಟು ಕೈಗೆ ಚೆನ್ನಾಗಿ ಸಿಗಲೆಂದು ವೈದ್ಯರೇ ತಲೆ ಅಥವಾ ಕಾಲನ್ನು ಎತ್ತಲು ಹೇಳಿದರೆ ಹೇಳಿದಷ್ಟನ್ನು ಮಾಡಿ. ಅದನ್ನು ಬಿಟ್ಟರೆ ಕಾಲಿನ ಮೇಲೆ ಕಾಲು ಹಾಕಿ ಒಂದನ್ನೊಂದು ಒತ್ತಿ, ಎರಡೂ ಕೈಯಲ್ಲಿ ಮೆತ್ತನೆಯ ಚೆಂಡನ್ನು ಹಿಂಡಿ. ಕಾಲು ಹೆಣೆಯುವುದು ಮತ್ತು ಮುಷ್ಟಿ ಬಿಗಿಯುವುದು ಪ್ರಜ್ಞೆ ತಪ್ಪುವುದನ್ನು ತಡೆಯಲು ನೆರವಾಗುತ್ತವೆ ಎಂಬುದನ್ನು ನೆದರ್ಲೆಂಡ್ಸ್‌ನ ಸಂಶೋಧಕರು ಮುನ್ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿದೆ. ಬೆವರು, ಆಕಳಿಕೆ, ವಾಕರಿಕೆ ಆರಂಭವಾದ ಕೂಡಲೇ ಇದನ್ನು ಮಾಡಬೇಕು. ಕಣ್ಣು ಕತ್ತಲೆ ಕಟ್ಟಿದ ಮೇಲೆ ತಡವಾಗುತ್ತದೆ.

ಭೇಟಿಯ ದಿನ ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ. ನಮ್ಮವರಲ್ಲಿ ಆಸ್ಪತ್ರೆಗೆ ಹೋಗುವ ದಿನ ತಿಂಡಿ ಬಿಡುವ ಅಭ್ಯಾಸ ಬಹಳ ಇದೆ. ರಕ್ತಪರೀಕ್ಷೆಗೆ ಅದು ಬೇಕಾಗಬಹುದು, ಬ್ಯಾಂಡ್ ತುಂಬಿಸಲು ಕ್ಲಿನಿಕ್ಕಿನವರು ಹೇಳದ ಹೊರತು ಬೇಡ. ಎರಡು ಗಂಟೆ ಮುಂಚೆ ಗಂಜಿಯನ್ನೋ ಮೊಸರನ್ನೋ ತಿಂದು, ಅನಂತರ ಗುಟುಕು ಗುಟುಕಾಗಿ ನೀರು ಕುಡಿಯುತ್ತಿರಿ. ರಕ್ತದಾನಿಗಳಿಗೆ ಒಮ್ಮೆಗೇ ಅರ್ಧ ಲೀಟರ್ ನೀರು ಕುಡಿಸುವ ಪದ್ಧತಿ ಇದೆ, ಅದನ್ನು ನೀವು ಅನುಕರಿಸಬಾರದು. ಬ್ಯಾಂಡಿನ ಮೇಲೆ ಅಷ್ಟು ನೀರು ಒಮ್ಮೆಗೇ ಇಳಿಯುವುದಿಲ್ಲ. ಹಿಂದಿನ ದಿನದಿಂದಲೇ ಕುಡಿಯುವುದನ್ನು ಹೆಚ್ಚಿಸಿ.

ಕ್ಲಿನಿಕ್ಕಿನ ಒಳಗೆ ಹೋದ ಕೂಡಲೇ, ಅಂಗಿ ಸಡಿಲಿಸುವ ಮೊದಲೇ, ಹೋದ ಸಲ ನನಗೆ ಪ್ರಜ್ಞೆ ತಪ್ಪಿತ್ತು ಎಂದು ಹೇಳಿ. ಸಂಕೋಚದಿಂದ ಇದನ್ನು ಮುಚ್ಚಿಟ್ಟವರೇ ಮತ್ತೆ ಬೀಳುತ್ತಾರೆ. ಪೂರ್ತಿ ಮಲಗಿಸಿಯೇ ಸೂಜಿ ಹಾಕಿ ಎಂದು ಕೇಳಿ. ಎಕ್ಸ್-ರೇ ಯಂತ್ರದ ಎದುರು ನಿಲ್ಲಿಸಿ ಬೇರಿಯಂ ಎಂಬ, ಎಕ್ಸ್-ರೇಯಲ್ಲಿ ಎದ್ದು ಕಾಣುವ ದ್ರವವನ್ನು ಕುಡಿಸುವ ಕಡೆ, ಸೂಜಿ ಹಾಕಿದ ಮೇಲೆ ನಿಲ್ಲಿಸುವ ಮೊದಲು ಸ್ವಲ್ಪ ಸಮಯ ಬೇಕೆನ್ನಿ. ನೋವಿಗೆ ಹೆದರುವವರು ಒಂದು ಗಂಟೆ ಮುಂಚೆ ಮರಗಟ್ಟಿಸುವ ಮುಲಾಮನ್ನು ಪೋರ್ಟಿನ ಮೇಲೆ ಹಚ್ಚಿ ಪಾರದರ್ಶಕ ಪಟ್ಟಿಯಿಂದ ಮುಚ್ಚಿಕೊಳ್ಳಬಹುದು, ಆದರೆ ನೋವಿಗಿಂತ ಸೂಜಿಯ ದೃಶ್ಯವೇ ಕಾರಣವಾಗಿರುವವರಿಗೆ ಇದರಿಂದ ಪ್ರಯೋಜನ ಕಡಿಮೆ. ಸೂಜಿ ತೆಗೆದ ಮೇಲೆ ಐದು ನಿಮಿಷ ಮಲಗಿಯೇ ಇದ್ದು, ಕಾಲು ಇಳಿಬಿಟ್ಟು ಕುಳಿತು ಇನ್ನೆರಡು ನಿಮಿಷ ಕಳೆದು, ಆಮೇಲೆ ನೀರಿನ ಮೊದಲ ಗುಟುಕು ಕುಡಿಯಿರಿ. ಹೋದ ಸಲ ತಪ್ಪಿದ್ದು ಈ ಏಳೆಂಟು ನಿಮಿಷ. ಕಾಲು ಗಂಟೆ ಅಲ್ಲೇ ಕುಳಿತಿರಿ, ಆ ದಿನ ಕಾರನ್ನು ನಿಮ್ಮ ಯಜಮಾನರು ಓಡಿಸಲಿ.

ಮತ್ತೆ ಬವಳಿ ಬಂದರೆ ಪಕ್ಕದವರು ನಿಮ್ಮನ್ನು ಎಬ್ಬಿಸಿ ಕೂರಿಸಲು ಹೋಗಬಾರದು. ಮಲಗಿಸಿ ಕಾಲನ್ನು ಎತ್ತಿ ಹಿಡಿಯಬೇಕು, ವಾಂತಿ ಬರುವಂತಿದ್ದರೆ ಪಕ್ಕಕ್ಕೆ ಹೊರಳಿಸಬೇಕು, ಪೂರ್ತಿ ಎಚ್ಚರವಾಗುವವರೆಗೆ ಬಾಯಿಗೆ ನೀರು ಹಾಕಬಾರದು. ಕೈಗೆ ಕಬ್ಬಿಣ ಕೊಡುವುದು, ಮೂಗಿಗೆ ಈರುಳ್ಳಿ ಹಿಡಿಯುವುದು ನಮ್ಮ ಊರುಗಳಲ್ಲಿ ಈಗಲೂ ನಡೆಯುತ್ತದೆ; ಅವು ಏನನ್ನೂ ಗುಣಪಡಿಸುವುದಿಲ್ಲ, ಕಾಲೆತ್ತಿ ಮಲಗಿಸಬೇಕಾದ ಹೊತ್ತನ್ನು ಕಳೆಯುತ್ತವೆ.

ನಿಮ್ಮ ಯಜಮಾನರ ಸಂದೇಹ ಸಹಜವಾದದ್ದು. ಮೆದುಳಿಗೆ ರಕ್ತ ಕಡಿಮೆಯಾದಾಗ ಕೈಕಾಲು ಕೆಲವು ಸಲ ಅದುರುವುದು ಸಾಮಾನ್ಯವಾಗಿ ಪ್ರಜ್ಞೆ ತಪ್ಪಿದಾಗಲೂ ಇದೆ, ಅದರಿಂದಲೇ ಅದನ್ನು ಅಪಸ್ಮಾರ, ಅಂದರೆ ಫಿಟ್ಸ್, ಎನ್ನಲಾಗದು. ಅದುರುವಿಕೆ ಕೆಲವು ಸೆಕೆಂಡಿಗೆ ನಿಂತಿತೇ, ಮುಖ ಬಿಳಿಚಿಕೊಂಡಿತ್ತೇ, ಎಚ್ಚರವಾದ ಕೂಡಲೇ ಎಲ್ಲಿದ್ದೇನೆ ಎಂಬುದು ನಿಮಗೆ ತಿಳಿಯಿತೇ ಎಂದು ಅವರನ್ನು ಕೇಳಿ. ಉತ್ತರ ಹೌದು ಎಂದಾದರೆ ಅದು ಬರೀ ಪ್ರಜ್ಞೆ ತಪ್ಪಿದ್ದು, ಫಿಟ್ಸ್ ಅಲ್ಲ. ಒಂದು ನಿಮಿಷಕ್ಕೂ ಮೀರಿ ಅದುರಿದ್ದರೆ, ನಾಲಗೆಯ ಪಕ್ಕ ಕಚ್ಚಿಕೊಂಡಿದ್ದರೆ, ಆಮೇಲೆ ಬಹಳ ಹೊತ್ತು ಗೊಂದಲದಲ್ಲಿದ್ದಿದ್ದರೆ ನರರೋಗ ತಜ್ಞರನ್ನು ಕಾಣಬೇಕು. ಯಾವ ಮುನ್ಸೂಚನೆಯೂ ಇಲ್ಲದೆ ಬಿದ್ದರೆ, ನಡೆಯುವಾಗ ಅಥವಾ ಓಡುವಾಗ ಬಿದ್ದರೆ, ಎದೆನೋವು ಇದ್ದರೆ, ಮನೆತನದಲ್ಲಿ ಚಿಕ್ಕ ವಯಸ್ಸಿನಲ್ಲಿ ಹಠಾತ್ತಾಗಿ ತೀರಿಕೊಂಡವರಿದ್ದರೆ ಹೃದಯದ ಪರೀಕ್ಷೆ ಆಗಲೇಬೇಕು. ಮಲ ಕಪ್ಪಾಗಿದ್ದರೆ ಒಳಗೆ ರಕ್ತಸ್ರಾವವಾಗುತ್ತಿರಬಹುದು, ಅದನ್ನು ತುರ್ತಾಗಿ ತೋರಿಸಿ. ಆಸ್ಟ್ರೇಲಿಯಾದಲ್ಲಿ ಆ್ಯಂಬುಲೆನ್ಸ್ ಕರೆಯುವ ಸಂಖ್ಯೆ 000. ನಿಮ್ಮಲ್ಲಿ ಇವು ಯಾವುವೂ ಇಲ್ಲದಿದ್ದರೂ ಒಂದು ಇ.ಸಿ.ಜಿ., ಹಿಮೋಗ್ಲೋಬಿನ್, ಕಬ್ಬಿಣಾಂಶ, ಬಿ-12 ಮತ್ತು ಮೂತ್ರಪಿಂಡದ ಪರೀಕ್ಷೆ ಮಾಡಿಸಿ. ಬಾಣಂತನ ಕಳೆದ ಹೆಂಗಸರಲ್ಲಿ ರಕ್ತಹೀನತೆ ಸಾಮಾನ್ಯ, ಅದರ ಮೇಲೆ ಊಟ ಕಡಿಮೆಯಾಗಿದೆ. ಮುಟ್ಟು ತಪ್ಪಿದ್ದರೆ ವಾಂತಿಗೆ ಮತ್ತೊಂದು ಕಾರಣವೂ ಇರಬಹುದಾದ್ದರಿಂದ ಗರ್ಭಪರೀಕ್ಷೆಯನ್ನೂ ಮರೆಯಬೇಡಿ.

ಕೊನೆಗೆ ನಿಮ್ಮ ತಾಯಿಯವರ ಮಾತು. ಒಮ್ಮೆ ಪ್ರಜ್ಞೆ ತಪ್ಪಿತೆಂಬ ಕಾರಣಕ್ಕೆ ಬ್ಯಾಂಡನ್ನು ತೆಗೆಸುವ ಅಗತ್ಯ ಇಲ್ಲ. ತೆಗೆಸುವುದೂ ಅರಿವಳಿಕೆ ಕೊಟ್ಟು ಮಾಡುವ ಶಸ್ತ್ರಚಿಕಿತ್ಸೆಯೇ. ಆದರೆ ಅವರ ಸಲಹೆಯನ್ನು ನಾನು ತಳ್ಳಿಹಾಕುವುದಿಲ್ಲ. ನೀರನ್ನು ಸ್ವಲ್ಪ ಹಿಂದಕ್ಕೆ ತೆಗೆದ ಮೇಲೂ ವಾಂತಿ ನಿಲ್ಲದಿದ್ದರೆ, ಎಕ್ಸ್-ರೇಯಲ್ಲಿ ಬ್ಯಾಂಡ್ ಸರಿದದ್ದು ಅಥವಾ ಅನ್ನನಾಳ ಹಿಗ್ಗಿದ್ದು ಕಂಡರೆ, ಪ್ರತಿ ಸಲವೂ ನುಂಗುವಾಗಲೇ ಪ್ರಜ್ಞೆ ತಪ್ಪುವುದು ಖಚಿತವಾದರೆ, ಆಗ ತೆಗೆಸುವ ಮಾತನ್ನು ನೀವೇ ಎತ್ತಬೇಕು. ಬ್ಯಾಂಡ್ ತೆಗೆಸಿಕೊಂಡವರು ಮತ್ತು ಬೇರೆ ಬಗೆಯ ಶಸ್ತ್ರಚಿಕಿತ್ಸೆಗೆ ಹೋದವರು ಆಸ್ಟ್ರೇಲಿಯಾದಲ್ಲಿ ಬಹಳ ಮಂದಿ ಇದ್ದಾರೆ, ಅಲ್ಲಿನ ಶಸ್ತ್ರವೈದ್ಯರಿಗೆ ಅದು ಹೊಸದಲ್ಲ. ಸದ್ಯಕ್ಕೆ ಕ್ಲಿನಿಕ್ಕಿನವರಿಗೆ ಫೋನಿನಲ್ಲಿ ಇಷ್ಟು ಹೇಳಿದರೆ ಸಾಕು: ಮೂರು ವಾರದ ಹಿಂದೆ ಬ್ಯಾಂಡ್ ತುಂಬಿಸಿಕೊಂಡೆ, ಆಗ ಪ್ರಜ್ಞೆ ತಪ್ಪಿತ್ತು, ವಾರಕ್ಕೆ ಮೂರ್ನಾಲ್ಕು ದಿನ ವಾಂತಿಯಾಗುತ್ತಿದೆ, ಬಿ.ಪಿ. ಮಾತ್ರೆ ನುಂಗುತ್ತಿದ್ದೇನೆ, ನಿಂತರೆ ತಲೆ ಸುತ್ತುತ್ತದೆ. ಇದನ್ನು ಕೇಳಿದ ಮೇಲೂ ಅವರು ಮುಂದಿನ ತಿಂಗಳ ದಿನಾಂಕ ಕೊಟ್ಟರೆ ಒಪ್ಪಿಕೊಳ್ಳಬೇಡಿ, ಆ ದಿನವೇ ಕುಟುಂಬ ವೈದ್ಯರ ಬಳಿಗೆ ಹೋಗಿ.